ಗೆರೆ ಎಳೆಯಲು ಬರುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮ ತೀರಿಹೋದರೆಂಬ ಸುದ್ದಿ ಕಳೆದ ತಿಂಗಳು ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಬಿಳಿ ಕೋಟು ಹಾಕಿಕೊಂಡ ಡಾಕ್ಟರಲ್ಲ. ನಮ್ಮ ಚಾಮರಾಜಪೇಟೆಯ ಬಾಡಿಗೆ ಮನೆಯ ಕೆಂಪು ನೆಲದ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ನಾಲಿಗೆಯ ತುದಿ ಕಚ್ಚಿಕೊಂಡು ಪೆನ್ಸಿಲ್ ಹಿಡಿದಿದ್ದ ನಲವತ್ತರ ಹೆಂಗಸು. ಬೇರೆಯವರ ಮನೆಯಲ್ಲಿ, ಅದೂ ಮನೆಯೊಡತಿ ನೋಡುತ್ತ ನಿಂತಿರುವಾಗ, ಯಾವ ಹೆಂಗಸಾದರೂ ಹಾಗೆ ಮಲಗುತ್ತಾಳೆಯೇ? ಅವರು ಮಲಗುತ್ತಿದ್ದರು. ಹೆಚ್ಚುಕಡಿಮೆ ಪ್ರತಿ ಭಾನುವಾರ, ವರ್ಷಗಟ್ಟಲೆ.

ನಮ್ಮ ಮನೆಯವರು ಮಲ್ಲೇಶ್ವರದ ಆಚೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿದ್ದರು. ನಾನು ಮನೆಗೆ ಹತ್ತಿರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಶನಿವಾರ ಇವರು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿಕೊಂಡು, ಕಂಕುಳಲ್ಲಿ ಹಾಸಿಗೆ ಸುರುಳಿಯಷ್ಟು ದಪ್ಪದ ಕಾಗದದ ಕಟ್ಟು ಹೊತ್ತು ಮನೆಗೆ ಬಂದರು.

"ನಾಳೆ ಒಬ್ರು ಡಾಕ್ಟರು ಬರ್ತಾರೆ. ಅಡುಗೆ ಸ್ವಲ್ಪ ಜಾಸ್ತಿ ಮಾಡು," ಅಂದರು. ಆಮೇಲೆ ಏನೋ ನೆನಪಾದವರಂತೆ, "ಅವರು ಕೋಳಿ ತಿನ್ನಲ್ಲ," ಅಂದರು.

ಡಾಕ್ಟರೆಂದರೆ ಗಂಡಸು ಎಂದುಕೊಂಡಿದ್ದೆ. ಮಾರನೆಯ ದಿನ ಗೇಟಿನ ಮುಂದೆ ಮೊಪೆಡ್ ನಿಲ್ಲಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಳ್ಳುತ್ತ ಬಂದವರನ್ನು ನೋಡಿ, ಯಾರದೋ ಮನೆ ಹುಡುಕುತ್ತಿದ್ದಾರೆಂದು ತಿಳಿದೆ.

"ಯಾರು ಬೇಕಾಗಿತ್ತು?"

"ಸದ್ಯಕ್ಕೆ ನೀರು ಬೇಕಾಗಿತ್ತು. ಬಿಸಿಲು ನೋಡಿ ಹೇಗಿದೆ," ಎನ್ನುತ್ತ ಚಪ್ಪಲಿ ಬಿಟ್ಟು ಒಳಗೇ ಬಂದುಬಿಟ್ಟರು.

ಅವರು ಕಾಟನ್‌ಪೇಟೆಯ ಬಟ್ಟೆ ವ್ಯಾಪಾರಸ್ಥರ ಮನೆಯವರು. ಮದುವೆಯಾಗಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಹೆಂಗಸರ ಗರ್ಭಕೋಶದ ಬಾಯಿಯಿಂದ ಗಾಜಿನ ಮೇಲೆ ಸವರಿ ತಂದ ಜೀವಕೋಶಗಳನ್ನು ನೋಡಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಆ ಕೆಲಸದ ಒಂದು ಪಾಲನ್ನಾದರೂ ಕಂಪ್ಯೂಟರಿಗೆ ಕಲಿಸಬಹುದೇ ಎನ್ನುವುದು ನಮ್ಮ ಮನೆಯವರ ಸಂಶೋಧನೆ. ಗಾಜಿನ ಮೇಲಿದ್ದದ್ದನ್ನು ದೊಡ್ಡದು ಮಾಡಿ ಫೋಟೋ ತೆಗೆಯುತ್ತಿದ್ದರು. ಆ ಫೋಟೋವನ್ನು ಒಂದು ಯಂತ್ರ ಚುಕ್ಕಿ ಚುಕ್ಕಿಯಾಗಿ ಓದಿ ಯಾವ ಚುಕ್ಕಿ ಎಷ್ಟು ಕಪ್ಪು ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಆಮೇಲೆ ಕಂಪ್ಯೂಟರು ಅಗಲವಾದ ಕಾಗದದ ಮೇಲೆ ಕಪ್ಪು ಜಾಗದಲ್ಲಿ ಒತ್ತೊತ್ತಾಗಿ ಎಕ್ಸ್ ಅಕ್ಷರ, ತಿಳಿಯಾದ ಜಾಗದಲ್ಲಿ ಬರೀ ಚುಕ್ಕಿ ಹೊಡೆಯುತ್ತಿತ್ತು. ಬಗ್ಗಿ ನೋಡಿದರೆ ಅಕ್ಷರಗಳ ಸಂತೆ. ಡಾಕ್ಟರಮ್ಮ ನಮ್ಮ ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತರು.

"ಬನ್ನಿ ಟೀಚರ್, ಇಲ್ಲಿಂದ ನೋಡಿ," ಎಂದು ನನ್ನನ್ನೂ ಕರೆದರು. ನಾನು ಹತ್ತಲಿಲ್ಲ. ಕೆಳಗಿನಿಂದಲೇ ಕೇಳಿದೆ, ಏನಿದು ಅಂತ.

"ಅಕ್ಕಿರೊಟ್ಟಿ ಅಂದ್ಕೊಳ್ಳಿ. ಮಧ್ಯೆ ಒಂದು ಕರಿ ಕಾಳು. ರೊಟ್ಟಿ ಜೀವಕೋಶ, ಕಾಳು ಅದರ ನ್ಯೂಕ್ಲಿಯಸ್ಸು. ಕಾಳು ಸಣ್ಣದಾಗಿದ್ರೆ ಮನೆಗೆ ಹೋಗಿ ಅಂತೀನಿ. ಉಬ್ಬಿ ರೊಟ್ಟಿ ತುಂಬ ಬಂದ್ರೆ ಆಪರೇಷನ್‌ಗೆ ಕಳಿಸ್ತೀನಿ. ರೊಟ್ಟಿ ಅಂಚೆಲ್ಲಿ, ಕಾಳಿನ ಅಂಚೆಲ್ಲಿ ಅಂತ ಈ ಇಂಜಿನಿಯರ ಮೆಷೀನು ಕಂಡುಹಿಡೀಬೇಕಂತೆ. ಅದು ಸರಿಯಾಗಿ ಹಿಡಿಯುತ್ತೋ ಇಲ್ವೋ ಅಂತ ನೋಡೋಕೆ ಮೊದಲು ನಾನು ಗೆರೆ ಎಳೆದು ತೋರಿಸ್ಬೇಕಂತೆ."

ಹೀಗೆಂದವರೇ ಇಳಿದು ನೆಲದ ಮೇಲೆ ಬೋರಲು ಮಲಗಿದರು. ಕಂಪ್ಯೂಟರು ಎಳೆದಿದ್ದ ಗೆರೆಯೊಂದನ್ನು ಬೆರಳಿನಿಂದ ತಟ್ಟಿ, "ನಿಮ್ಮ ಮೆಷೀನು ಕುರುಡು ಕಣ್ರೀ ಇಂಜಿನಿಯರ್ರೇ. ಧೂಳಿಗೆಲ್ಲ ಗೆರೆ ಎಳೆದಿದೆ," ಅಂದರು.

ನಮ್ಮ ಮನೆಯವರು ನಕ್ಕರು. ಸಾರಿಗೆ ಉಪ್ಪು ಸಾಲದೆಂದು ತಾವು ಹೇಳಬಹುದು, ಆದರೆ ತಮ್ಮ ಅಂಗಿಯ ಗುಂಡಿ ತಪ್ಪಾಗಿದೆಯೆಂದು ನಾನು ಹೇಳಿದರೆ ಅರ್ಧ ದಿನ ಮುಖ ಊದಿಸಿಕೊಳ್ಳುವ ಮನುಷ್ಯ. ವರ್ಷಗಟ್ಟಲೆ ಕೂತು ಮಾಡಿದ ಕೆಲಸವನ್ನು ಕುರುಡು ಅಂದವರ ಎದುರು ಹಲ್ಲು ಕಾಣುವಂತೆ ನಕ್ಕರು. ಕೈಯಲ್ಲಿದ್ದ ನೀರಿನ ಲೋಟ ಹಾಗೇ ಹಿಡಿದು ನಾನು ನಿಂತಿದ್ದೆ. ಹೊಟ್ಟೆಕಿಚ್ಚು ಅಂತ ಅದಕ್ಕೆ ಹೆಸರಿಟ್ಟದ್ದು ಆಮೇಲೆ. ಶುರುವಾದದ್ದು ಆ ನಗುವಿನಿಂದ.

ಬೈಯೋಣವೆಂದರೆ ಅವರು ಕಾರಣ ಕೊಡುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಕಾಫಿಯನ್ನು ಮುಟ್ಟಿದ ಶಾಸ್ತ್ರ ಮಾಡಿ ಎದ್ದುಹೋಗುವ ಸಹೋದ್ಯೋಗಿಗಳಿದ್ದರು. ಯಾಕೆಂದು ಅವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟ ನೋಡಿದ ಮೇಲೆ ಅವರಿಗೆ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ಡಾಕ್ಟರಮ್ಮ ಮೊದಲ ದಿನವೇ ಆ ಪಟ ನೋಡಿ, "ಈ ಬುದ್ಧನ ಮುಖ ಎಷ್ಟು ಚೆನ್ನಾಗಿದೆ, ಎಲ್ಲಿ ಸಿಕ್ತು?" ಎಂದು ಕೇಳಿದ್ದರು. ಕೊರಳ ಲಿಂಗವನ್ನು ಹೊರಗೆಳೆದು ಅಂಗೈಯಲ್ಲಿಟ್ಟುಕೊಂಡು ಒಂದು ಕ್ಷಣ ಕಣ್ಣು ಮುಚ್ಚಿ, ಮತ್ತೆ ಒಳಗೆ ಸೇರಿಸಿ, ನಾನು ಬಡಿಸಿದ್ದನ್ನೆಲ್ಲ ಬೆರಳು ನೆಕ್ಕಿ ತಿಂದರು. ಎರಡನೆಯ ಸಲ ಹುಳಿ ಹಾಕಿಸಿಕೊಂಡರು. ಅವರನ್ನು ದ್ವೇಷಿಸಲು ನನಗಿದ್ದ ಒಂದು ಒಳ್ಳೆಯ ದಾರಿ ಅಲ್ಲಿಗೆ ಮುಚ್ಚಿತು.

ಅವರಿಂದಾಗಿ ನಮ್ಮ ಭಾನುವಾರದ ಕೋಳಿಸಾರು ಬುಧವಾರಕ್ಕೆ ಹೋಯಿತು. ಅದನ್ನೂ ಅವರೇ ಪತ್ತೆ ಮಾಡಿದರು.

"ಟೀಚರ್, ಬೀದಿ ತುಂಬ ಕೋಳಿಸಾರಿನ ವಾಸನೆ, ನಿಮ್ಮನೇಲಿ ಮಾತ್ರ ಅವರೆಕಾಳು. ನನಗೋಸ್ಕರ ಬಿಟ್ಟಿದೀರಾ?"

"ನಾವು ಹೆಚ್ಚು ತಿನ್ನಲ್ಲ," ಅಂದೆ.

ನಮ್ಮ ಮನೆಯವರು ಪಕ್ಕದಿಂದ ಕಿಸಕ್ಕನೆ ನಕ್ಕು ನನ್ನ ಮಾನ ತೆಗೆದರು. "ಮಾಡ್ಕೊಳ್ರೀ, ನನಗೆ ಮೊಸರನ್ನ ಹಾಕಿದ್ರೆ ಸಾಕು," ಅಂದರು ಡಾಕ್ಟರಮ್ಮ. ಅವರ ಅನುಮತಿಯಿಂದ ನನ್ನ ಮನೆಯಲ್ಲಿ ಕೋಳಿ ಬೇಯುವುದು ನನಗೆ ಬೇಡವಾಗಿತ್ತು. ಅವರೆಕಾಳೇ ಮುಂದುವರಿಯಿತು.

ಅವರಿಗೆ ಕೆಲವು ಅಭ್ಯಾಸಗಳಿದ್ದವು. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಹುಡುಕುವುದು. ಊಟಕ್ಕೆ ಮೊದಲೇ ಸಿಹಿ ತಿನ್ನುವುದು. "ಹೊಟ್ಟೆ ತುಂಬಿದ್ಮೇಲೆ ಹೋಳಿಗೆಗೆ ಅವಮಾನ," ಎನ್ನುತ್ತಿದ್ದರು. ಗೆರೆ ಎಳೆಯುವಾಗ ಯಾವುದೋ ಸಿನಿಮಾ ಹಾಡನ್ನು ಮೂಗಿನಲ್ಲೇ ಗುನುಗುವುದು. ಅಂಚು ಸಿಕ್ಕದ ಕಡೆ ಹಾಡು ನಿಲ್ಲುತ್ತಿತ್ತು. ಇವರು ಆತುರದಿಂದ "ಇಲ್ಲೇ ಇರ್ಬೇಕಲ್ವಾ ಅಂಚು?" ಅಂದರೆ, "ಊಹೆ ಮಾಡ್ಬೇಡಿ. ಕಾಣದಿದ್ರೆ ಕಾಣಲ್ಲ ಅನ್ನಿ. ಗೊತ್ತಿಲ್ಲ ಅನ್ನೋದೂ ಒಂದು ರಿಪೋರ್ಟೇ," ಎನ್ನುತ್ತಿದ್ದರು.

ಆ ಮಾತು ಇವರ ಬಾಯಿಗೆ ಬಂದುಬಿಟ್ಟಿತು. ಒಂದು ಸಂಜೆ ಒಗೆದ ಬಟ್ಟೆ ತೆಗೆಯಲೋ ಬೇಡವೋ ಎಂದು, "ರೀ, ಮಳೆ ಬರುತ್ತಾ?" ಅಂತ ಕೇಳಿದರೆ, "ಗೊತ್ತಿಲ್ಲ ಅನ್ನೋದೂ ಒಂದು ರಿಪೋರ್ಟೇ," ಅಂದರು. ಮೈಯೆಲ್ಲ ಉರಿದುಹೋಯಿತು. ಅವರಿಬ್ಬರ ನಡುವೆ ತಪ್ಪೇನೂ ಇರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಭಾನುವಾರ ಬರ್ತಾರಲ್ಲ, ಅವರು ನಿಮ್ಮೋರಿಗೆ ಏನಾಗ್ಬೇಕು?" ಎಂದು ಕೇಳಿದಾಗ, "ನನಗೆ ಅಕ್ಕ ಆಗ್ಬೇಕು," ಎಂದು ಬಾಯಿ ಮುಚ್ಚಿಸಿದ್ದೆ. ತಪ್ಪಿದ್ದಿದ್ದರೆ ಜಗಳವಾಡಬಹುದಿತ್ತು. ಮದುವೆಯಾಗಿ ಅಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ಮಾತು ಇವರ ನಾಲಿಗೆಗೆ ಹತ್ತಿರಲಿಲ್ಲ, ವಾರಕ್ಕೊಮ್ಮೆ ಬರುವವರ ಮಾತು ಹತ್ತಿತ್ತು. ಅದಕ್ಕೆ ಯಾರ ಮೇಲೆ ದೂರು ಕೊಡುವುದು?

ಒಂದು ಭಾನುವಾರ ಇವರಿಗೆ ಹೊಸ ಚಿಂತೆ ಹತ್ತಿತು. ಡಾಕ್ಟರಮ್ಮನ ಗೆರೆಗೂ ಇನ್ನೊಬ್ಬರ ಗೆರೆಗೂ ಎಷ್ಟು ವ್ಯತ್ಯಾಸ ಬರುತ್ತದೆಂದು ತಿಳಿಯದೆ, ಯಂತ್ರದ ಗೆರೆ ತಪ್ಪೆಂದು ಹೇಳುವುದು ಹೇಗೆ? ಇನ್ನೊಂದು ಕೈ ಬೇಕು.

"ಟೀಚರ್ ಇದಾರಲ್ಲ," ಅಂದರು ಡಾಕ್ಟರಮ್ಮ. "ಬಾಗಿಲಲ್ಲಿ ರಂಗೋಲಿ ನೋಡಿದೀನಿ. ಕೈ ಒಂಚೂರೂ ನಡುಗಲ್ಲ."

ನನಗೆ ಹಬ್ಬವಾಯಿತು. ಮಧ್ಯಾಹ್ನ ಪೂರ್ತಿ ಕೂತು ಒಂದು ಹಾಳೆಯ ತುಂಬ ಗೆರೆ ಎಳೆದೆ. ಎಲ್ಲೂ ಕಡಿಯದ, ಸೊಟ್ಟವಾಗದ, ಪ್ರತಿ ರೊಟ್ಟಿಯನ್ನೂ ಪೂರ್ತಿ ಸುತ್ತಿ ಬಂದ ಗೆರೆ. ಡಾಕ್ಟರಮ್ಮನ ಹಾಳೆ ಅದರ ಪಕ್ಕದಲ್ಲಿ ಕೋಳಿ ಕೆದಕಿದಂತೆ ಕಾಣುತ್ತಿತ್ತು. ಅಲ್ಲಲ್ಲಿ ಗೆರೆ ನಿಂತೇಹೋಗಿತ್ತು. ಇವರು ಎರಡನ್ನೂ ನೋಡಿ, "ನೋಡಿದ್ರಾ ಡಾಕ್ಟರೇ, ನಮ್ಮವಳ ಕೈ!" ಅಂದರು. ಆ ಮಾತು ನಾನು ಇವತ್ತಿಗೂ ಮರೆತಿಲ್ಲ.

ಡಾಕ್ಟರಮ್ಮ ನನ್ನ ಹಾಳೆಯ ಮೇಲೆ ಬಗ್ಗಿದರು. ಹಾಡು ನಿಂತಿತು.

"ಎಷ್ಟು ಅಂದವಾಗಿದೆ ಟೀಚರ್," ಅಂದರು ಮೆಲ್ಲಗೆ. "ಆದ್ರೆ ಇಲ್ಲಿ ನೋಡಿ. ಇಲ್ಲಿ ಅಂಚು ಇಲ್ಲ. ನೀವೇ ತಂದು ಹಾಕಿದೀರಿ."

ಇವರೂ ಬಗ್ಗಿ ನೋಡಿ, "ಹೌದು ಕಣೆ," ಅಂದರು. ನಾನು ಎದ್ದು ಅಡುಗೆಮನೆಗೆ ಹೋದೆ. ಮಾಡಲು ಕೆಲಸವೇನೂ ಇರಲಿಲ್ಲ. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮರುವರ್ಷದ ಹೊತ್ತಿಗೆ ಇವರ ಪ್ರೋಗ್ರಾಂ ಒಂದು ಮಟ್ಟಕ್ಕೆ ಬಂತು. ಬಿಡಿಬಿಡಿಯಾಗಿದ್ದ ಜೀವಕೋಶಗಳ ಸುತ್ತ ಕಂಪ್ಯೂಟರು ಎಳೆದ ಗೆರೆ ಡಾಕ್ಟರಮ್ಮನ ಗೆರೆಯ ಮೇಲೇ ಕೂರುತ್ತಿತ್ತು. ಅದನ್ನು ನೋಡಲು ಡೆಲ್ಲಿಯಿಂದ ದೊಡ್ಡವರು ಬರುತ್ತಾರೆಂದು ಗೊತ್ತಾಯಿತು. ಇವರ ಬಡ್ತಿ ಅದರ ಮೇಲೆ ನಿಂತಿತ್ತು. ಡೆಲ್ಲಿಯವರು ಬರುವ ಹಿಂದಿನ ಭಾನುವಾರ ಡಾಕ್ಟರಮ್ಮ ಬಂದರು. ಮಲಗಲಿಲ್ಲ. ಕುರ್ಚಿಯ ಮೇಲೆ ಕೂತರು.

"ನಾನು ಕಳ್ಸಿದ ಕೊನೇ ಗಾಜಿನ ಸ್ಲೈಡಿಗೆ ನಿಮ್ಮ ಮೆಷೀನು ಏನಂತು?"

"ಸರಿ ಇದೆ ಅಂತು," ಅಂದರು ಇವರು.

"ಆ ಸ್ಲೈಡಿನ ಹೆಂಗಸನ್ನ ನಾನು ಆಪರೇಷನ್‌ಗೆ ಕಳ್ಸಿದೀನಿ ಕಣ್ರೀ."

ಇವರು, "ಜೀವಕೋಶ ಒಂದರ ಮೇಲೊಂದು ಬಿದ್ದಿರೋ ಕಡೆ ಅಂಚು ಸಿಗಲ್ಲ. ಸಿಗದೇ ಇರೋದನ್ನ ಪ್ರೋಗ್ರಾಂ ಬಿಟ್ಬಿಡುತ್ತೆ. ಅದು ಮುಂದಿನ ಹಂತ ಡಾಕ್ಟರೇ," ಅಂದರು.

"ಬಿಟ್ಟಿದೀನಿ ಅಂತ ಹೇಳುತ್ತಾ?"

ಇವರು ಕೈಯಲ್ಲಿದ್ದ ಹಾಳೆಯ ಅಂಚು ಮಡಚತೊಡಗಿದರು.

"ಹೇಳಲ್ಲ. ಬಿಟ್ಟು, ಉಳಿದದ್ದನ್ನ ನೋಡಿ, ಸರಿ ಇದೆ ಅನ್ನುತ್ತೆ. ರೋಗ ಗುಂಪಲ್ಲೇ ಇರುತ್ತೆ. ಇದಕ್ಕೆ ನನ್ನ ಹೆಸರು ಹಾಕ್ಬೇಡಿ."

"ನಿಮ್ಮ ಹೆಸರಿಲ್ದೆ ಹೋದ್ರೆ ಇದು ಇಂಜಿನಿಯರ್ ಆಟ ಅನ್ಕೋತಾರೆ."

"ಸದ್ಯಕ್ಕೆ ಆಟಾನೇ."

ಇವರ ಮುಖ ಕಪ್ಪಿಟ್ಟಿತು. "ನಿಮಗೇನು ಡಾಕ್ಟರೇ. ಒಂದು ಸಲ ಇಲ್ಲ ಅಂದ್ರೂ ನಿಮ್ಮನ್ನ ಯಾರೂ ಏನೂ ಅನ್ನಲ್ಲ. ನಾನು ಎಷ್ಟು ಮೆಟ್ಟಿಲು ಹತ್ತಿ ಇಲ್ಲಿಗೆ ಬಂದಿದೀನಿ ಅಂತ ಗೊತ್ತಾ ನಿಮಗೆ?"

"ಗೊತ್ತಿಲ್ಲ," ಅಂದರು ಡಾಕ್ಟರಮ್ಮ. ಎಲೆ ಹಾಕಿದ್ದೆ. ಊಟ ಮಾಡದೆ ಎದ್ದು ಹೋದರು.

ಡೆಲ್ಲಿಯವರು ಬಂದರು, ತಲೆಯಾಡಿಸಿದರು, ಯಾವ ಡಾಕ್ಟರು ಒಪ್ಪಿದ್ದಾರೆಂದು ಕೇಳಿದರು, ಹೋದರು. ಬಡ್ತಿ ಆ ವರ್ಷ ಬರಲಿಲ್ಲ. ಇವರು ಕಾಗದದ ಕಟ್ಟುಗಳನ್ನು ಬೀರುವಿನ ಮೇಲೆ ಎಸೆದರು. ನಾನು ಭಾನುವಾರ ಕೋಳಿಸಾರು ಮಾಡಿದೆ. ಸುಳ್ಳು ಯಾಕೆ ಹೇಳಲಿ, ಮಸಾಲೆ ಅರೆಯುವಾಗ ಖುಷಿಯಾಗಿತ್ತು. ಗೆದ್ದೆ ಅನ್ನಿಸಿತ್ತು. ಇವರು ತಲೆಯೆತ್ತದೆ ಉಂಡು, ಕೇಳದಿದ್ದರೂ "ಚೆನ್ನಾಗಿದೆ" ಎಂದು ಎದ್ದುಹೋದರು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಬೀದಿಯಲ್ಲಿ ಯಾವುದಾದರೂ ಮೊಪೆಡ್ ಸದ್ದಾದರೆ ಪೇಪರಿನ ಹಿಂದೆ ಇವರ ಉಸಿರು ನಿಲ್ಲುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಡಾಕ್ಟರಮ್ಮ ಬರುತ್ತಿದ್ದಾಗ ನನ್ನ ನಡುಮನೆಯನ್ನು ಮಾತ್ರ ಹಿಡಿಯುತ್ತಿದ್ದರು. ಬರದೇ ಹೋದ ಮೇಲೆ ಇಡೀ ಮನೆಯನ್ನು ಹಿಡಿದರು.

ಸ್ಕೂಲು ಅರ್ಧ ದಿನವಿದ್ದ ಒಂದು ಶನಿವಾರ ನಾನು ನೇರ ಆಸ್ಪತ್ರೆಗೆ ಹೋದೆ. ಉದ್ದನೆಯ ಕೋಣೆಯ ಕಿಟಕಿಯ ಪಕ್ಕ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದರು. ತುರುಬಿನಲ್ಲಿ ಪೆನ್ಸಿಲಿತ್ತು.

"ಟೀಚರ್! ಏನಾಯ್ತು, ಹುಷಾರಾಗಿದೀರಾ?"

"ನನಗೇನೂ ಆಗಿಲ್ಲ. ನಿಮ್ಮನ್ನ ಕರಿಯೋಕೆ ಬಂದೆ."

"ಅವರು ಕಳ್ಸಿದ್ರಾ?"

"ಇಲ್ಲ. ಅವರಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆಯ್ತು, ಹೇಳಲ್ಲ. ಒಂದು ಮಾತು ಕೇಳ್ಲಾ ಟೀಚರ್? ನಿಮಗೆ ನನ್ನ ಕಂಡ್ರೆ ಆಗಲ್ಲ ಅಲ್ವಾ?"

"ಆಗಲ್ಲ," ಅಂದೆ.

"ಮತ್ತೆ ಯಾಕೆ ಬಂದ್ರಿ?"

"ಅವರು ನಗ್ತಾ ಇಲ್ಲ. ನನ್ನ ಹತ್ರ ಅದಕ್ಕೆ ಔಷಧಿ ಇಲ್ಲ."

ಡಾಕ್ಟರಮ್ಮ ನಗಲಿಲ್ಲ. ಪಕ್ಕದ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು. "ಅವತ್ತು ಮೆಟ್ಟಿಲು ಅಂದ್ರಲ್ಲ ಅವರು, ಅದೇನು?" ಎಂದು ಕೇಳಿದರು.

ಹೇಳಿದೆ. ಇವರಪ್ಪ ಮಿಲ್ಲಿನಲ್ಲಿ ಮೂಟೆ ಹೊತ್ತು ಇವರನ್ನು ಓದಿಸಿದ್ದನ್ನು ಹೇಳಿದೆ. ಸಂಸ್ಥೆಗೆ ಸೇರಿದ ದಿನ ಯಾರೋ ಒಬ್ಬ, ಹೊಸದಾಗಿ ಬಂದವರಿಗೆಲ್ಲ ಕೈಕುಲುಕಿ, ಇವರ ಹತ್ತಿರ ಬಂದಾಗ ಮಾತ್ರ, "ಓಹೋ, ಕೋಟಾದಲ್ಲಿ ಬಂದವರಾ?" ಎಂದು ಕೇಳಿದ್ದನ್ನು ಹೇಳಿದೆ. ಅಂದಿನಿಂದ ಇವರು ಮಾಡಿದ ಕೆಲಸವೆಲ್ಲ ಆ ಒಂದು ಪ್ರಶ್ನೆಗೆ ಕೊಡುತ್ತಿದ್ದ ಉತ್ತರ. ನಾನು ಇದನ್ನೆಲ್ಲ ಯಾರ ಹತ್ತಿರವೂ ಆಡಿದವಳಲ್ಲ.

ಡಾಕ್ಟರಮ್ಮ ತುರುಬಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಇದು ನನಗೆ ತಿಳೀಬೇಕಾಗಿತ್ತು," ಅಂದರು. ಆಮೇಲೆ, "ಆದ್ರೆ ಗೊತ್ತಿದ್ರೂ ನಾನು ಹೆಸರು ಹಾಕ್ತಿರ್ಲಿಲ್ಲ ಟೀಚರ್."

"ಹಾಕ್ಬೇಡಿ. ಊಟಕ್ಕೆ ಬನ್ನಿ."

ಮಾರನೆಯ ದಿನವೇ ಬಂದರು. ಏನೂ ಆಗೇ ಇಲ್ಲವೆಂಬಂತೆ ಬೀರುವಿನ ಮೇಲಿನ ಕಟ್ಟು ಇಳಿಸಿ ಧೂಳು ಹೊಡೆದು, ನೆಲದ ಮೇಲೆ ಹರಡಿ, "ಬನ್ರೀ ಇಂಜಿನಿಯರ್ರೇ. ನಿಮ್ಮ ಮೆಷೀನಿಗೆ ಗೊತ್ತಿಲ್ಲ ಅನ್ನೋಕೆ ಕಲಿಸೋಣ," ಅಂದರು. ಗುಂಪಾಗಿ ಬಿದ್ದ ಕಡೆ ಅಂಚು ಸಿಗದಿದ್ದರೆ ಅದನ್ನು ಬಿಟ್ಟುಬಿಡದೆ, ಪ್ರಶ್ನೆಯ ಗುರುತು ಹಾಕಿ ಡಾಕ್ಟರಿಗೆ ತೋರಿಸಬೇಕು. ಅಷ್ಟು ಮಾಡಿಸಲು ಮತ್ತೊಂದು ವರ್ಷ ಹಿಡಿಯಿತು. ಆ ವರ್ಷ ನನ್ನ ಕೈಗೂ ಪೆನ್ಸಿಲ್ ಕೊಟ್ಟರು. ಅಂಚಿಲ್ಲದ ಕಡೆ ಕೈ ನಿಲ್ಲಿಸುವುದನ್ನು ನಾನು ಹಲ್ಲು ಕಚ್ಚಿಕೊಂಡು ಕಲಿತೆ. ಪ್ರೋಗ್ರಾಂ ಬಗ್ಗೆ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಇವರ ಬಡ್ತಿಯೂ ಬಂತು, ತಡವಾಗಿ. ಕಂಪ್ಯೂಟರು ಆಗ ಒಂದು ಕೋಣೆಯಷ್ಟು ದೊಡ್ಡದು, ಅದು ಯಾವ ಆಸ್ಪತ್ರೆಯ ಬಾಗಿಲಿನಲ್ಲೂ ಹಿಡಿಸುತ್ತಿರಲಿಲ್ಲ. ಡಾಕ್ಟರಮ್ಮ ನಿವೃತ್ತಿಯಾಗುವವರೆಗೂ ತಮ್ಮ ಕಣ್ಣಿನಿಂದಲೇ ನೋಡಿದರು.

ಅವರು ಮರಳಿ ಬಂದ ಆ ದಿನ ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಿಗೆ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿದ್ಯಾ? ತಾವಾಗೇ ಬಂದ್ರು. ಎಂಥ ದೊಡ್ಡ ಮನಸ್ಸು," ಅಂದರು. ನಾನು ಹೋಳಿಗೆ ಮಗುಚಿದೆ. ಒಂದು ಬದಿ ಸೀದುಹೋಗಿತ್ತು. ಅದನ್ನೇ ಡಾಕ್ಟರಮ್ಮನ ಎಲೆಗೆ ಹಾಕಿದೆ. ಅವರು ಏನೂ ಅನ್ನದೆ ತಿಂದರು.

ಕಳೆದ ತಿಂಗಳು ಕಾಟನ್‌ಪೇಟೆಯ ಅಣ್ಣನ ಮನೆಯಲ್ಲಿ ಡಾಕ್ಟರಮ್ಮನಿಗೆ ಹಣೆ ತುಂಬ ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸಿದ್ದರು. ತುರುಬನ್ನು ಯಾರೋ ನುಣ್ಣಗೆ ಬಾಚಿ ಕಟ್ಟಿದ್ದರು. ಅಷ್ಟು ಓರಣವಾಗಿ ಅವರನ್ನು ನಾನು ಕಂಡಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಇವರು ಸ್ನಾನ ಮಾಡಿ ನಡುಮನೆಯಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಅತ್ತರು. ನನಗೂ ಅಳು ಬಂದಿತ್ತು. ಆದರೆ ಆ ಸಾವಿನಲ್ಲೂ ಇವರೇ ಹತ್ತಿರದವರು, ನಾನು ಪಕ್ಕದವಳು ಎನ್ನುವುದು ನನಗೆ ಸಹಿಸಲಾಗಲಿಲ್ಲ.

"ಅವತ್ತು ಅವರು ತಾವಾಗೇ ಬರ್ಲಿಲ್ಲ," ಅಂದೆ. "ನಾನು ಹೋಗಿ ಕರ್ಕೊಂಡು ಬಂದೆ."

ಇವರು ಮುಖ ಒರೆಸಿಕೊಂಡರು. "ಗೊತ್ತು," ಅಂದರು.

"ಗೊತ್ತಾ?"

"ಅವತ್ತೇ ಹೇಳಿದ್ರು, ಕಾಗದ ಹರಡ್ತಾ. ನೀನು ಬಂದಿದ್ದು, ಆಗಲ್ಲ ಅಂದಿದ್ದು, ಎಲ್ಲ. ಗೊತ್ತಿಲ್ಲದೋರ ಥರ ಇರಿ, ಟೀಚರ್‌ಗೆ ಮಾತು ಕೊಟ್ಟಿದೀನಿ ಅಂದ್ರು."

"ಮತ್ತೆ ಅಡುಗೆಮನೆಗೆ ಬಂದು ದೊಡ್ಡ ಮನಸ್ಸು ಅಂದ್ರಲ್ಲ?"

"ಅದು ಅವರಿಗೆ ಅಂದಿದ್ದು ಅಂತ ಯಾರಂದ್ರು?" ಅಂದರು ಇವರು.

ನಾನು ಅಲ್ಲೇ ಗೋಡೆಗೊರಗಿ ಕೂತೆ. ಇಷ್ಟು ವರ್ಷ ಅವರಿಬ್ಬರ ನಡುವೆ ಒಂದು ಗುಟ್ಟಿತ್ತು, ಆ ಗುಟ್ಟು ನಾನೇ ಆಗಿದ್ದೆ. ದೊಡ್ಡ ಮನಸ್ಸು ಎಂದು ಇವರು ಹೊಗಳಿದ್ದೂ ನನ್ನನ್ನೇ. ಆದರೆ ಆ ಮಾತನ್ನು ನಡುಮನೆಯಿಂದ ಕೇಳಿಸಿಕೊಂಡು, ಆ ದಿನವೇ ಅರ್ಥ ಮಾಡಿಕೊಂಡು, ಸೀದ ಹೋಳಿಗೆ ತಿನ್ನುತ್ತ ಒಳಗೊಳಗೇ ನಕ್ಕಿದ್ದವರು ಡಾಕ್ಟರಮ್ಮ. ಆ ಗಳಿಗೆಯಲ್ಲಿ ಅವರು ಎದುರಿಗಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಿಬಿಡುತ್ತಿದ್ದೆ. ಆಡಿ ಮುಗಿಸಿ, ಎಲೆ ಹಾಕಿ, ಕೂರಿಸಿ ಬಡಿಸುತ್ತಿದ್ದೆ.